ಮರದಕ್ಕನ ಬೆಣೆ

ಬರುವ ಶುಕ್ರವಾರ ನನ್ನ ಅಂಗಡಿಗೆ ಬಾಗಿಲು ಇಡುತ್ತಿದ್ದೇವೆ. ಪೂಜೆ ಮಾಡಿಸುವ ಅಯ್ನೋರು ಬರುವುದಿಲ್ಲವಂತೆ. ಬೇಡ ಬಿಡಿ. ನಮ್ಮ ತಾತನ ಕಾಲದಿಂದ ಮನೆಯ ಶುಭಕಾರ್ಯಗಳಿಗೆಲ್ಲ ಬಂದ ಮನೆತನದವರು, ಒಂದು ಕುರ್ಚಿಯ ಸಲುವಾಗಿ ಮುನಿಸಿಕೊಂಡು ಎದ್ದುಹೋದರು. ಮುನಿಸಿಕೊಳ್ಳಲಿ. ನನಗೂ ಅರವತ್ತು ದಾಟಿದೆ, ಇನ್ನು ಎಲ್ಲರ ಮುಖ ನೋಡಿಕೊಂಡು ನಡೆಯುವ ವಯಸ್ಸಲ್ಲ.

ನಮ್ಮ ಕಡೆ ಬಾಗಿಲು ಇಡುವ ಶಾಸ್ತ್ರವೆಂದರೆ ಮದುವೆಗೆ ಸ್ವಲ್ಪವೇ ಕಡಿಮೆ. ಚೌಕಟ್ಟಿಗೆ ಅರಿಸಿನ ಕುಂಕುಮ, ಮೇಲೆ ನವಧಾನ್ಯದ ಗಂಟು, ಮಾವಿನ ಸೊಪ್ಪು. ಚೌಕಟ್ಟು ನಿಂತ ಮೇಲೆ ಮೊದಲ ವೀಳ್ಯ ಮನೆ ಯಜಮಾನನಿಗಲ್ಲ, ಅಯ್ನೋರಿಗೂ ಅಲ್ಲ, ಅದನ್ನು ಮಾಡಿದ ಬಡಗಿಗೆ. ಮಣೆ ಹಾಕಿ ಕೂರಿಸಿ, ಎಲೆ ಅಡಿಕೆ ಬಟ್ಟೆ ಕೊಟ್ಟು, ಮನೆಯವರೆಲ್ಲ ಕೈ ಮುಗಿಯುತ್ತಾರೆ. ನನ್ನ ಬಾಗಿಲು ಮಾಡಿದ ಬಡಗಿ ಈಗ ಇಲ್ಲ. ಆಕೆ ಕೂರುತ್ತಿದ್ದ ಕುರ್ಚಿಯನ್ನೇ ಆ ಜಾಗದಲ್ಲಿಟ್ಟು ಮೊದಲ ವೀಳ್ಯ ಅದಕ್ಕೆ ಕೊಡುತ್ತೇನೆ ಎಂದು ಅಯ್ನೋರಿಗೆ ಹೇಳಿದೆ.

"ಸತ್ತೋರ ಕುರ್ಚಿ. ಅದೂ ಗಂಡ ಸತ್ತೋಳದ್ದು. ಅದೂ ಹುಣಸೆ ಮರದ್ದು. ಶುಭಕಾರ್ಯಕ್ಕೆ ಇಡೋ ವಸ್ತುನಾ ಸಾವ್ಕಾರ್ರೆ ಅದು?" ಎಂದರು.

"ಹಂಗಾದ್ರೆ ಬುಡಿ" ಎಂದೆ. ಅವರು ಬಿಟ್ಟರು. ಕಾಫಿ ಲೋಟವನ್ನೂ ಮುಟ್ಟದೆ ಹೋದರು.

ಊರಿಗೆಲ್ಲ ಆಕೆ ಮರದಕ್ಕ. ಬೇರೆ ಹೆಸರೊಂದಿತ್ತು, ಅದನ್ನು ಬರೆದರೆ ನಮ್ಮ ಮಧುಗಿರಿಯಲ್ಲೇ ಯಾರಿಗೂ ಗುರುತು ಸಿಗಲಿಕ್ಕಿಲ್ಲ. ಪಾವಗಡ ಕಡೆಯ ನಿಡುಗಲ್ಲಿನವಳು. ಒಂದು ಕೋಟೆಯ ಬುಡದಲ್ಲಿ ಹುಟ್ಟಿ ಇನ್ನೊಂದು ಕೋಟೆಯ ಬುಡಕ್ಕೆ ಮದುವೆಯಾಗಿ ಬಂದಳು. ಮಾತಾಡುವುದು ಕನ್ನಡವೇ, ಸಿಟ್ಟು ಬಂದರೆ ಮಾತ್ರ ತೆಲುಗಿಗೆ ಇಳಿಯುತ್ತಿದ್ದಳು. ಶೆಡ್ಡಿನಿಂದ ತೆಲುಗು ಕೇಳಿಸಿದರೆ ನಾನು ನನ್ನ ಅಂಗಡಿಯಲ್ಲಿ ರೇಡಿಯೋ ಸಣ್ಣಗೆ ಮಾಡಿ ಇವತ್ತು ಯಾರಿಗೆ ಪೂಜೆ ಎಂದು ಕಿವಿಗೊಡುತ್ತಿದ್ದೆ.

ಗಂಡ ಬಡಗಿ. ಹಳೆಯ ಮಾಳಿಗೆ ಮನೆಗಳನ್ನು ಬಿಚ್ಚುವ ಕೆಲಸ ಹಿಡಿದು, ಅಲ್ಲಿನ ತೊಲೆ, ಜಂತೆ, ಕಂಬಗಳನ್ನು ತಂದು ಮಂಚ, ಬೆಂಚು, ಬಾಗಿಲು ಮಾಡುತ್ತಿದ್ದ. ಈಕೆ ಪಕ್ಕದಲ್ಲಿ ಕೂತು ಮೊಳೆ ಕೀಳುತ್ತ ಕೀಳುತ್ತ ಉಳಿ ಹಿಡಿದಳು, ಆಮೇಲೆ ತೋಪಡ ಹಿಡಿದು ಮರ ನುಣುಪು ಮಾಡುವುದನ್ನು ಕಲಿತಳು. ಗಂಡ ತೀರಿಕೊಂಡಾಗ ಮೈದುನಂದಿರು ಉಳಿ ಕೊಡತಿಗಳ ಚೀಲ ಕೇಳಿಕೊಂಡು ಬಂದರಂತೆ. "ಅವನು ಸತ್ತ. ನಾನು ಸತ್ತಿಲ್ಲವಲ್ಲ" ಎಂದು ಹೇಳಿ ಕಳಿಸಿದಳು. ನನ್ನ ಅಂಗಡಿಯ ಎದುರಿಗೆ, ಮುಚ್ಚಿಹೋಗಿದ್ದ ಕಡ್ಲೆಕಾಯಿ ಎಣ್ಣೆ ಮಿಲ್ಲಿನ ಶೆಡ್ಡನ್ನು ಬಾಡಿಗೆಗೆ ಹಿಡಿದದ್ದು ಅದಾದ ಮೇಲೆ.

ನನ್ನದು ಮಂಚ, ಬೀರು, ಸೋಫಾ ಅಂಗಡಿ. ಎಲ್ಲ ರೆಡಿಮೇಡು. ಬೆಳಿಗ್ಗೆ ಬಂದು ತೋರಿಸಿದರೆ ಮಧ್ಯಾಹ್ನಕ್ಕೆ ಮನೆ ಸೇರಿರುತ್ತದೆ. ಅದರಲ್ಲಿ ನನಗೆ ನಾಚಿಕೆಯೇನಿಲ್ಲ, ಇವತ್ತಿಗೂ ಅದನ್ನೇ ಮಾರುತ್ತೇನೆ. ಎದುರಿಗೆ ಆಕೆಯ ಶೆಡ್ಡಿನಲ್ಲಿ ಮಾತ್ರ ಏನು ಕೇಳಿದರೂ ಒಂದು ವರ್ಷ. ಬಿಚ್ಚಿ ತಂದ ಮರವನ್ನು ಆಕೆ ಸುಮ್ಮನೆ ಮಲಗಿಸಿಬಿಡುತ್ತಿದ್ದಳು. ಒಂದು ಯುಗಾದಿಯಿಂದ ಮತ್ತೊಂದು ಯುಗಾದಿಯವರೆಗೆ ಅದಕ್ಕೆ ಉಳಿ ತಾಗಿಸುತ್ತಿರಲಿಲ್ಲ.

"ಯಾಕಮ್ಮ ಇದು, ಬಾಣಂತಿ ಥರ ಮಲಗ್ಸಿದ್ದೀಯಲ್ಲ" ಎಂದು ಕೇಳಿದ್ದೆ.

"ಇಷ್ಟು ಕಾಲ ಮಾಳಿಗೆ ಮಣ್ಣು ಹೊತ್ತದೆ ಸಾವ್ಕಾರ್ರೆ. ಇಳಿಸಿದ್ ತಕ್ಷಣ ಕುಯ್ದ್ರೆ ತಿರುಚ್ಕಂತದೆ. ಒಂದು ಬ್ಯಾಸ್ಗೆ, ಒಂದು ಮಳೆಗಾಲ ಮಲಗ್ಲಿ. ಭಾರ ಮರೀಲಿ."

"ಗಿರಾಕಿ ನಿನ್ನನ್ನೇ ಮರೀತಾನಲ್ಲ?"

"ಮರತ್ರೆ ನಿಮ್ಮಂಗಡಿ ಐತಲ್ಲ. ಮರದ ಹೊಟ್ಟಿಗೆ ಅಂಟು ಕಲಸಿ ಒತ್ತಿದ್ದನ್ನ ಸೋಫಾ ಅಂತ ತಗಂಡೋಗ್ಲಿ. ಕುಂತ್ರೆ ಅಳ್ತದೆ ಅದು."

ಆಕೆ ಬೈದದ್ದು ನನಗೆ ಲಾಭವೇ ಆಯಿತು. ಆಕೆ ಆಗಲ್ಲ ಎಂದು ಕಳಿಸಿದವರೆಲ್ಲ ರಸ್ತೆ ದಾಟಿ ನನ್ನ ಹತ್ತಿರ ಬರುತ್ತಿದ್ದರು. ಬೆಂಗಳೂರಿನ ಹೋಟೆಲಿನವರೊಬ್ಬರು ಕಾರಿನಲ್ಲಿ ಬಂದು, ಎಲ್ಲ ಒಂದೇ ಥರದ ಕುರ್ಚಿಗಳು ಬೇಕು, ಬೇಗ ಬೇಕು ಎಂದರು. "ಒಂದೇ ಥರದ ಮನೆಗಳನ್ನ ಕೆಡವಿ ತಂದ್ಕೊಡಿ, ಮಾಡ್ತೀನಿ" ಎಂದಳು. ಅವರು ನಗುತ್ತಾರೇನೋ ಎಂದು ಕಾದರು. ಆಕೆ ನಗಲಿಲ್ಲ, ತೋಪಡ ಎಳೆಯುತ್ತಲೇ ಇದ್ದಳು.

ಮೊಳೆಯ ತೂತುಗಳನ್ನು ಆಕೆ ಮುಚ್ಚುತ್ತಿರಲಿಲ್ಲ. ಸ್ವಲ್ಪ ಪುಟ್ಟಿ ಹಚ್ಚಿದರೆ ಹೊಸದರ ಹಾಗೆ ಕಾಣುತ್ತದೆ ಎಂದರೆ, ಹೊಸದರ ಹಾಗೆ ಯಾಕೆ ಕಾಣಬೇಕು ಎಂದು ನನ್ನನ್ನೇ ಕೇಳುತ್ತಿದ್ದಳು. ತೊಟ್ಟಿಲು ತೂಗುಹಾಕುವ ಬಳೆ ಇದ್ದ ತೊಲೆಯಿಂದ ಮಾಡಿದ ಮೇಜಿನಲ್ಲಿ ಆ ಬಳೆ ತಿಕ್ಕಿ ಸವೆದ ಗುಳಿ ಹಾಗೇ ಉಳಿದಿರುತ್ತಿತ್ತು. ಮದಲೂರು ಕೆರೆಯ ಹಳೇ ತೂಬಿನ ಹಲಗೆ ಸಿಕ್ಕಾಗ ಅದನ್ನು ಬೆಂಚು ಮಾಡಿ ಶೆಡ್ಡಿನ ಮುಂದೆ ಹಾಕಿದಳು. ನೀರಲ್ಲೇ ಬದುಕಿದ ಮರ, ಮಳೆಗೆ ಹೆದರಲ್ಲ ಎನ್ನುತ್ತಿದ್ದಳು. ಬಸ್ಸಿಗೆ ಕಾಯುವವರೆಲ್ಲ ಅದರ ಮೇಲೆಯೇ ಕೂರುತ್ತಿದ್ದರು, ಈಗಲೂ ಕೂರುತ್ತಾರೆ.

ಆಕೆಯ ಸ್ವಂತ ಕುರ್ಚಿ ಮಾತ್ರ ಯಾರೂ ಕೂರದಂಥದ್ದು. ಸುಡುಗಾಡಿನ ದಾರಿಯ ಹುಣಸೆ ಮರ ಗಾಳಿಗೆ ಬಿದ್ದಾಗ ಸೌದೆಗೂ ಯಾರೂ ಮುಟ್ಟಲಿಲ್ಲ. ಈಕೆ ಕೈಗಾಡಿ ತಳ್ಳಿಕೊಂಡು ಹೋಗಿ ತಂದಳು. ಗಿಡ್ಡ ಕಾಲಿನ, ಅಗಲವಾದ, ಕೆಂಚು ಬಣ್ಣದ ಕುರ್ಚಿ. ಅದರಲ್ಲಿ ಕಾಲು ಚಾಚಿ ಕೂತು ಎಲೆ ಅಡಿಕೆ ಹಾಕಿಕೊಂಡು, ಬಾ ಕುಂತ್ಕ ಬಾ ಎಂದು ನನ್ನನ್ನು ಕರೆಯುತ್ತಿದ್ದಳು. ದೆವ್ವಕ್ಕೆ ಹೆದರುವವನಲ್ಲ ನಾನು, ಆದರೂ ಬೆಂಚಿನ ಮೇಲೆಯೇ ಕೂರುತ್ತಿದ್ದೆ.

ಶಿರಾ ರಸ್ತೆ ಅಗಲ ಮಾಡುವಾಗಿನ ಮಾತು. ಸಾಲು ಮನೆಗಳನ್ನು ಕೆಡವಿ ಮರವನ್ನೆಲ್ಲ ಇಟ್ಟಿಗೆ ಗೂಡಿಗೆ ಸಾಗಿಸುತ್ತಿದ್ದರು. ಆಕೆಗೆ ಸುದ್ದಿ ತಲುಪುವ ಹೊತ್ತಿಗೆ ಲಾರಿ ಹೊರಟಾಗಿತ್ತು. ನನ್ನ ಲಗೇಜ್ ಆಟೋದಲ್ಲೇ ಹೋದೆವು. ದಾರಿಯಲ್ಲಿ ಟೀ ಅಂಗಡಿಯ ಮುಂದೆ ಲಾರಿ ನಿಂತಿತ್ತು. ಡ್ರೈವರ್ ಶಿರಾದ ಸಾಬರು, ಒಳ್ಳೆಯ ಮನುಷ್ಯ. ಅವರು ಟೀ ಕುಡಿದು ಬರುವಷ್ಟರಲ್ಲಿ ಮರದಕ್ಕ ಲಾರಿ ಹತ್ತಿ ತೊಲೆಗಳ ಮೇಲೆ ಕೂತಿದ್ದಳು.

"ಆಪಾ, ಇಳೀರಿ ಅಕ್ಕಾ. ಗೂಡಿನೋರು ಕಾಯ್ತಾ ಅವ್ರೆ. ನಂದೇನೈತೆ ಇದ್ರಾಗೆ, ಗಾಡಿ ಹೊಡ್ಯೋನು ನಾನು."

"ನೀನು ಹೊಡಿ ತಮ್ಮಾ. ಹೊನ್ನೆ ಮರ, ಕಮರದ ಮರ. ಇದನ್ನ ಇಟ್ಟಿಗೆ ಸುಡಕ್ಕೆ ಹಾಕ್ತಾರಂದ್ರೆ ನನ್ನೂ ಜತೆಗೇ ಹಾಕ್ಲಿ."

ಜನ ಸೇರಿದರು. ಒಬ್ಬ ಮೊಬೈಲಿನಲ್ಲಿ ವಿಡಿಯೋ ಮಾಡತೊಡಗಿದ. ಆಕೆ ಅವನಿಗೆ ತೆಲುಗಿನಲ್ಲಿ ಏನೋ ಅಂದಳು, ಫೋನು ಜೇಬಿಗೆ ಹೋಯಿತು. ಕೊನೆಗೆ ಗೂಡಿನವರಿಗೆ ಅಷ್ಟೇ ತೂಕದ ಬಳ್ಳಾರಿ ಜಾಲಿ ಸೌದೆ ಕೊಡುವುದೆಂದು ಮಾತಾಯಿತು. ಲಾರಿ ನಮ್ಮ ಬೀದಿಗೆ ತಿರುಗಿತು. ಆಮೇಲೆ ಆ ಡ್ರೈವರೇ ಆಕೆಯ ಸುದ್ದಿಗಾರ. ಎಲ್ಲಿ ಮನೆ ಬಿದ್ದರೂ ಫೋನು ಮಾಡಿ, ಆಪಾ, ಜಲ್ದಿ ಬನ್ನಿ ಎನ್ನುತ್ತಿದ್ದರು.

ಇಷ್ಟೆಲ್ಲ ಇದ್ದರೂ ಬಾಗಿಲಿನ ಕೆಲಸ ಮಾತ್ರ ಆಕೆಗೆ ಯಾರೂ ಕೊಡುತ್ತಿರಲಿಲ್ಲ. ಒಂದು ಮಧ್ಯಾಹ್ನ ನನ್ನ ಹೆಂಡತಿ ಅದನ್ನೇ ಕೇಳಿದಳು.

"ಮಂಚಕ್ಕಾದ್ರೆ ದುಡ್ಡು ಕೊಟ್ಟು ಕಳಿಸ್ತಾರಮ್ಮ. ಬಾಗ್ಲು ಮಾಡ್ದೋರ್ನ ಮಣೆ ಹಾಕಿ ಕುಂಡ್ರಿಸ್ಬೇಕು. ಗಂಡ ಸತ್ತೋಳನ್ನ ಯಾರು ಕುಂಡ್ರಿಸ್ತಾರೆ?" ಎಂದಳು ಮರದಕ್ಕ. ಎಲೆಗೆ ಸುಣ್ಣ ಸವರುತ್ತ ಹೇಳಿದಳು: "ನಮ್ಮೋನು ಎಷ್ಟೋ ಬಾಗ್ಲು ಇಟ್ಟ. ಅವಕ್ಕೆಲ್ಲ ತೋಪಡ ಹಾಕಿದ್ದು ನಾನು. ಮಣೆ ಮ್ಯಾಲೆ ಕುಂತಿದ್ದು ಅವನು. ನಂಗೂ ಒಂದ್ಸಲ ಕುಂತ್ಕಬೇಕು ಕಣಮ್ಮ. ಕದ್ದು ಮುಚ್ಚಿ ಅಲ್ಲ, ಕರೆಸ್ಕಂಡು."

ಆಕೆ ನನ್ನ ಮುಂದೆ ಆಸೆ ಅಂತ ಬಾಯಿ ಬಿಟ್ಟು ಹೇಳಿದ್ದು ಅದೊಂದನ್ನೇ.

ಕೊರಟಗೆರೆಯ ಹತ್ತಿರದ ಹಳ್ಳಿಯ ಒಂದು ಮನೆಯವರು ಹಳೇ ಮಾಳಿಗೆ ಮನೆ ಕೆಡವಿ ಆರ್‌ಸಿಸಿ ಕಟ್ಟಿಸುತ್ತಿದ್ದರು. ಹಳೇ ಮರ ಹೊಸ ಮನೆಗೆ ಆಗದು ಎಂದು ಎಲ್ಲರೂ ಹೇಳಿದರೂ, ಆ ಮನೆಯಾಕೆ ಮುಂಬಾಗಿಲಾದರೂ ಅತ್ತೆಯ ಕಾಲದ ಮರದ್ದೇ ಇರಲಿ ಎಂದು ಹಟ ಹಿಡಿದು ಮರದಕ್ಕನಿಗೆ ಕೊಡಿಸಿದರು. ಮರ ಒಂದು ವರ್ಷ ಮಲಗಿತು. ಮನೆ ಮೇಲೆದ್ದು, ಬಾಗಿಲಿಲ್ಲದೆ ಬಾಯಿ ಬಿಟ್ಟುಕೊಂಡು ನಿಂತಿತು. ಯಜಮಾನ ಬಂದು ಕೂಗಾಡಿದ. "ಪೋನೀಲೇ, ಹೋಗ್ಲಿ ಬುಡು" ಎಂದಳೇ ಹೊರತು ಉಳಿ ಮುಟ್ಟಲಿಲ್ಲ.

ಆಕೆಯ ಚೌಕಟ್ಟಿನಲ್ಲಿ ಒಂದು ಕಬ್ಬಿಣದ ಮೊಳೆಯೂ ಇರಲಿಲ್ಲ, ಎಲ್ಲ ಮರದ ಬೆಣೆಗಳೇ. ಮೂಲೆಯ ಕೊನೆಯ ಬೆಣೆಯನ್ನು ಚೌಕಟ್ಟು ನಿಲ್ಲಿಸುವ ಹೊತ್ತಿಗೆ ಹೊಡೆಯಬೇಕು, ಆಗಲೇ ಅದು ಬಿಗಿಯುವುದು. ಅದಿಲ್ಲದೆ ಎತ್ತಿದರೆ ಮೇಲಿನ ಪಟ್ಟಿ ಕಳಚಿ ತಲೆಯ ಮೇಲೆ ಬೀಳುತ್ತದೆ. ಬಾಗಿಲು ಇಡುವ ದಿನ ಆ ಬೆಣೆಯನ್ನು ಆಕೆ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದಿದ್ದಳು. ಚೌಕಟ್ಟು ಸಾಗಿಸಿದ್ದು ನನ್ನ ಆಟೋ, ಹಾಗಾಗಿ ನಾನೂ ಇದ್ದೆ.

ಮನೆ ಮುಂದೆ ಇಳಿದಾಗಲೇ ಯಜಮಾನನ ಅಣ್ಣ ಬಂದು ನನ್ನ ಕಿವಿಯಲ್ಲಿ, ಆಯಮ್ಮ ಆಚೆಕಡೆ ನಿಂತಿರಲಿ, ಶಾಸ್ತ್ರ ಮುಗಿದ ಮೇಲೆ ಊಟಕ್ಕೆ ಕರೆಯೋಣ ಎಂದ. ಕಿವಿಯಲ್ಲಿ ಹೇಳಿದ್ದು ಆಕೆಗೂ ಕೇಳಿಸಿತು. ರಸ್ತೆಯ ಆಚೆ, ಹೊಂಗೆ ಮರದ ಕೆಳಗೆ ಹೋಗಿ ನಿಂತಳು. ವೀಳ್ಯ ತೆಗೆದುಕೊಳ್ಳಲು ಬೇರೊಬ್ಬ ಬಡಗಿಯನ್ನು ಕರೆಸಿ ಮಣೆಯ ಮೇಲೆ ಕೂರಿಸಿದ್ದರು. ಅವನಿಗೂ ಮುಜುಗರ, ತಲೆ ಎತ್ತಲಿಲ್ಲ. ಅರಿಸಿನ ಹಚ್ಚಿದ್ದಾಯಿತು, ನವಧಾನ್ಯ ಕಟ್ಟಿದ್ದಾಯಿತು. ಎತ್ತಬೇಕು ಎನ್ನುವಾಗ ಬೆಣೆ ಇಲ್ಲ.

ನನ್ನನ್ನು ಕಳಿಸಿದರು. ಹೋಗಿ, "ಬೆಣೆ ಕೊಡಬೇಕಂತೆ" ಎಂದೆ.

"ನನ್ನ ಬುಟ್ಟು ಅದು ಒಂದೇ ಎಲ್ಲಿಗೂ ಹೋಗಕಿಲ್ಲ ಸಾವ್ಕಾರ್ರೆ. ಕರೆದ್ರೆ ಇಬ್ರೂ ಬತ್ತೀವಿ."

ಕೂತಿದ್ದ ಬಡಗಿ ಎದ್ದು ಬೇರೊಂದು ಬೆಣೆ ಕೆತ್ತಿ ನೋಡಿದ. ಅಲುಗಾಡಿತು. ಮುಹೂರ್ತ ಮೀರುತ್ತದೆ ಎಂದು ಪುರೋಹಿತರು ಗಡಿಯಾರ ನೋಡತೊಡಗಿದರು. ಆಗ ಮನೆಯಾಕೆ ತಟ್ಟೆಯಲ್ಲಿ ಎಲೆ ಅಡಿಕೆ, ಸೀರೆ ಇಟ್ಟುಕೊಂಡು ರಸ್ತೆ ದಾಟಿ ಬಂದರು.

ಮರದಕ್ಕ ತಟ್ಟೆ ಮುಟ್ಟಲಿಲ್ಲ. "ನಿನ್ ಮ್ಯಾಲೆ ಕೋಪ ಇಲ್ಲ ತಾಯಿ. ಆದ್ರೆ ಬೀದೀಲಿ ಈಸ್ಕಳಕ್ಕೆ ನಾನು ಭಿಕ್ಷಕ್ಕೆ ಬಂದಿಲ್ಲ. ನಿನ್ ಬಾಗ್ಲಾಗೆ ನಿಂತ್ಕಂಡು ಕರಿ, ಬತ್ತೀನಿ."

ಆ ಹೆಣ್ಣುಮಗಳು ತಿರುಗಿ ನಡೆದು, ಬಾಗಿಲು ಬರಬೇಕಾದ ಜಾಗದಲ್ಲಿ ನಿಂತು, ಗಂಡ, ಭಾವ, ಪುರೋಹಿತರು, ಊರಿನವರು ಎಲ್ಲರ ಎದುರಿಗೆ ಗಟ್ಟಿಯಾಗಿ ಕೂಗಿದರು: "ಮರದಕ್ಕಾ, ಒಳಕ್ಕೆ ಬಾರಕ್ಕ."

ಆಕೆ ಹೋದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಟು ಬಿಚ್ಚಿ, ಕೊಡತಿಯಿಂದ ಬೆಣೆ ಹೊಡೆದಳು. ಚೌಕಟ್ಟು ಎದ್ದು ನಿಂತಿತು. ವೀಳ್ಯ ಕೊಟ್ಟರು. ಆದರೆ ಯಾರೋ ಅಷ್ಟರಲ್ಲಿ ಮಣೆ ಎತ್ತಿ ಒಳಗಿಟ್ಟಿದ್ದರು. ಆಕೆ ನಿಂತುಕೊಂಡೇ ತೆಗೆದುಕೊಂಡಳು.

ಆಟೋದಲ್ಲಿ ವಾಪಸು ಬರುವಾಗ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು, "ಒಳಗೆ ಕರೆದ್ರು. ಕುಂಡ್ರಿಸ್ಲಿಲ್ಲ. ಇರ್ಲಿ ಬುಡಿ, ಇನ್ನೊಂದು ಬಾಗ್ಲು ಬತ್ತದೆ" ಎಂದಳು. ಆಮೇಲೆ ದಾರಿಯುದ್ದಕ್ಕೂ ಬೀಳುವ ಹಾಗಿದ್ದ ಮನೆಗಳನ್ನು ಎಣಿಸುತ್ತ ಕೂತಿದ್ದಳು.

ಇನ್ನೊಂದು ಬಾಗಿಲು ಬರಲಿಲ್ಲ. ಒಂದೆರಡು ವರ್ಷದಲ್ಲಿ ಆ ಮನೆಯ ಯಜಮಾನ ಎದೆನೋವು ಬಂದು ತೀರಿಕೊಂಡ. ಮೊದಲೇ ಬಿಪಿ ಇದ್ದವನು, ಮಾತ್ರೆ ನುಂಗದವನು. ಊರು ಮಾತ್ರೆಯ ಮಾತು ಆಡಲಿಲ್ಲ, ಬಾಗಿಲಿನ ಮಾತು ಆಡಿತು. ಗಂಡ ಸತ್ತೋಳು ಹೊಡೆದ ಬೆಣೆ, ಕೆಡವಿದ ಮನೆಯ ಮರ, ಇನ್ನೇನಾಗುತ್ತೆ ಎಂದರು. ಮರದಕ್ಕ ಸುದ್ದಿ ತಿಳಿದ ದಿನವೇ ಬಸ್ಸು ಹತ್ತಿ ಹೋದಳು. ಅಂಗಳದಲ್ಲೇ ತಡೆದು, ಯಾವ ಮುಖ ಇಟ್ಕೊಂಡು ಬಂದೆ ಎಂದು ಕೇಳಿದರಂತೆ.

"ಇರೋದೊಂದೇ ಮುಖ, ಅದ್ನೇ ತಂದಿವ್ನಿ. ಬಾಗ್ಲು ಗಾಳಿ ತಡೀತದೆ, ನಾಯಿ ತಡೀತದೆ. ಸಾವು ತಡ್ಯೋ ಬಾಗ್ಲು ಮಾಡಾದು ನಂಗೆ ಗೊತ್ತಿಲ್ಲ. ಗೊತ್ತಿದ್ರೆ ನನ್ ಮನೇಗೇ ಇಡ್ತಿರ್ಲಿಲ್ವಾ?"

ತಿಥಿಯ ದಿನ ನೆಂಟರು ಆ ಬಾಗಿಲು ಕಿತ್ತುಹಾಕಲು ಹಾರೆ ತಂದರು. ಮನೆಯಾಕೆ ಹೊಸ್ತಿಲ ಮೇಲೆ ಕೂತುಬಿಟ್ಟರು. ಹೊಸ್ತಿಲ ಮೇಲೆ ಯಾರೂ ಕೂರಬಾರದು, ಎಲ್ಲರಿಗೂ ಗೊತ್ತು. ಅವರು ಕೂತರು. ಇದನ್ನು ಕಿತ್ತರೆ ನಾನೂ ಇದರ ಜತೆಗೇ ಆಚೆಗೆ ಬರುತ್ತೇನೆ ಎಂದರು. ಬಾಗಿಲು ಉಳಿಯಿತು.

ಮರದಕ್ಕನ ಕೆಲಸ ಉಳಿಯಲಿಲ್ಲ. ಗಿರಾಕಿಗಳು ಅರ್ಧಕ್ಕರ್ಧ ನಿಂತರು. ಮಗಳ ಮದುವೆಗೆಂದು ಮಾಡಿಸಿಕೊಂಡಿದ್ದ ಮಂಚವನ್ನು ಒಬ್ಬ ಟೆಂಪೋದಲ್ಲಿ ವಾಪಸು ತಂದು ಶೆಡ್ಡಿನ ಮುಂದೆ ಇಳಿಸಿ ಹೋದ. ಆಕೆ ಅದನ್ನು ಒಳಗೆ ಹಾಕಲಿಲ್ಲ. ರಸ್ತೆಗೆ ಕಾಣುವಂತೆ ಶೆಡ್ಡಿನ ಬಾಯಲ್ಲೇ ಹಾಕಿ, ಹಾಸಿಗೆ ಹಾಸಿ, ಮಧ್ಯಾಹ್ನ ಅದರ ಮೇಲೆ ಗೊರಕೆ ಹೊಡೆಯುತ್ತಿದ್ದಳು. ಬೀದಿಯಲ್ಲಿ ಹೋಗುವವರೆಲ್ಲ ನೋಡಲಿ ಎಂದೇ ಅದು.

ಅಷ್ಟರಲ್ಲಿ ನಮ್ಮ ರಸ್ತೆಯನ್ನೂ ಅಗಲ ಮಾಡಿದರು. ನನ್ನ ಅಂಗಡಿ ಇರುವ, ನಮ್ಮ ತಾತನ ಕಾಲದ ಮಂಡಿ ಕಟ್ಟಡದ ಮುಂಭಾಗ ಹೋಯಿತು. ಜೆಸಿಬಿ ಬರುವ ಮೊದಲೇ ಮರದಕ್ಕ ಏಣಿ ಹಾಕಿ ತೊಲೆಗಳನ್ನು ಒಂದೊಂದಾಗಿ ಬಿಚ್ಚಿಸಿ ರಸ್ತೆಯಾಚೆಗೆ ಸಾಗಿಸಿದಳು. ಹೊಸ ಮುಂಬಾಗಿಲು ಇದರಲ್ಲೇ ಮಾಡು ಎಂದೆ.

"ಊರು ಬೈತದೆ ಸಾವ್ಕಾರ್ರೆ."

"ಬೈಲಿ. ನಾನು ಮಣೆ ಹಾಕ್ತೀನಿ."

ಆಕೆ ನನ್ನ ಮುಖ ನೋಡಿದಳು. ತಮಾಷೆಯೋ ಏನೋ ಎಂದು ನೋಡಿದಳು. ಆಮೇಲೆ ಎಲೆಯ ಚೀಲ ಬಿಚ್ಚಿ, "ಮಣೆ ಬ್ಯಾಡ, ಮಂಡಿ ನೋವು. ನನ್ ಕುರ್ಚಿ ತತ್ತೀನಿ. ಅದ್ರಾಗೇ ಕುಂತ್ಕತೀನಿ" ಎಂದಳು. ಅಯ್ನೋರು ಕೇಳಿದ್ದರಲ್ಲ, ಯಾಕೆ ಆ ಕುರ್ಚಿ ಎಂದು. ಇದಕ್ಕೆ.

ನನ್ನ ಮರಕ್ಕೂ ರಿಯಾಯಿತಿ ಇರಲಿಲ್ಲ, ವರ್ಷ ಮಲಗಿತು. ಯುಗಾದಿಯಾದ ಮೇಲೆ ಕೆಲಸಕ್ಕೆ ಕೈ ಹಾಕಿ ಚೌಕಟ್ಟು ಮುಗಿಸಿದಳು. ದಿನ ನೋಡಿಸಬೇಕು ಎನ್ನುವಷ್ಟರಲ್ಲಿ ಒಂದು ಮಧ್ಯಾಹ್ನ ಊಟವಾದ ಮೇಲೆ ಆ ಕುರ್ಚಿಯಲ್ಲಿ ಕೂತವಳು ಮತ್ತೆ ಏಳಲಿಲ್ಲ. ನಾನು ಗೊರಕೆ ಕೇಳಿಸಲಿಲ್ಲವಲ್ಲ ಎಂದು ರಸ್ತೆ ದಾಟಿ ಹೋಗಿ ನೋಡಿದೆ. ನನಗೆ ಅಳು ಬಂತು. ಇದ್ದಷ್ಟು ದಿನ ನನ್ನನ್ನು ಆಡಿಕೊಂಡವಳು, ನನ್ನ ಗಿರಾಕಿಗಳ ಎದುರೇ ನನ್ನ ಸೋಫಾ ಗೇಲಿ ಮಾಡಿದವಳು. ಅಂಗಡಿಯಲ್ಲಿ ಕೂತರೆ ಈಗಲೂ ಎದುರಿನ ಮೌನ ಕಿವಿಗೆ ಹೊಡೆಯುತ್ತದೆ.

ಮೈ ತೊಳೆಸುವಾಗ ಹೆಂಗಸರಿಗೆ ಸೆರಗಿನ ತುದಿಯಲ್ಲಿ ಗಂಟು ಸಿಕ್ಕಿತು. ಬಿಚ್ಚಿ ನೋಡಿ ನನ್ನ ಹೆಂಡತಿಯ ಕೈಗೆ ಕೊಟ್ಟರು. ನನ್ನ ಬಾಗಿಲಿನ ಬೆಣೆ.

ಅಯ್ನೋರು ಎದ್ದುಹೋದ ಮಾರನೆಯ ದಿನ ಕೊರಟಗೆರೆ ಕಡೆ ಹೋದೆ. ಆ ಬಾಗಿಲು ಹಾಗೇ ಇತ್ತು, ಹೊಸ್ತಿಲಿಗೆ ಅರಿಸಿನ ಬಳಿದಿತ್ತು. ಮನೆಯಾಕೆ ಹೊರಗೆ ಬಂದರು. ಖಾಲಿ ಹಣೆ. ಶುಕ್ರವಾರ ಬರಬೇಕು ಎಂದು ಕರೆದೆ.

"ಅಣ್ಣಾ, ನಾನೀಗ ಅಂಥ ಕಡೆಗೆಲ್ಲ ಹೋಗಲ್ಲ. ಯಾರೂ ಕರಿಯೋದೂ ಇಲ್ಲ."

"ಪುರೋಹಿತರೂ ಬರಲ್ಲಮ್ಮ. ಬೆಣೆ ಹೊಡೆಯೋಕೆ ಒಬ್ರು ಬೇಕು" ಎಂದು ಜೇಬಿನಿಂದ ತೆಗೆದು ಕೊಟ್ಟೆ.

ಅವರು ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಲೇ ಇದ್ದರು. "ಅವತ್ತು ಮಣೆ ಎತ್ತಿಟ್ಟಿದ್ದು ನಾನೇ ಕಣಣ್ಣ" ಎಂದರು. "ನಮ್ಮೋರು ಕಣ್ಣಲ್ಲೇ ಹೇಳಿದ್ರು, ಎತ್ತಿಬುಟ್ಟೆ. ಕರೆಯೋವಷ್ಟು ಧೈರ್ಯ ಇತ್ತು, ಕುಂಡ್ರಿಸೋವಷ್ಟು ಇರ್ಲಿಲ್ಲ."

ಅವರು ಬೆಣೆಯನ್ನು ಸೆರಗಿನ ತುದಿಗಿಟ್ಟು ಗಂಟು ಹಾಕಿದರು. ಹಲ್ಲಿನಿಂದ ಎಳೆದು ಬಿಗಿ ಮಾಡಿದರು.

"ಬತ್ತೀನಿ. ಆದ್ರೆ ಬಾಗ್ಲಾಗೆ ನಿಂತ್ಕಂಡು ಕರೀಬೇಕು ನ್ವಾಡಣ್ಣ, ಎಲ್ರಿಗೂ ಕೇಳಂಗೆ."

"ಕೋಟೆ ಬೆಟ್ಟಕ್ಕೆ ಕೇಳೋ ಹಂಗೆ ಕರೀತೀನಿ" ಎಂದೆ.